ಮುಂದೂಡುತ್ತಲೇ ಮುಗಿದುಹೋದ ಸರ್ಕಾರ

1917ರ ಅಕ್ಟೋಬರ್ 26ರ ನಸುಕು. ಗಂಟೆ ಎರಡು ದಾಟಿತ್ತು. ರಾಜಧಾನಿ ಪೆಟ್ರೋಗ್ರಾಡಿನ ಚಳಿಗಾಲದ ಅರಮನೆಯ ಊಟದ ಕೋಣೆಯೊಂದರಲ್ಲಿ ಕೂತಿದ್ದ ರಷ್ಯಾದ ಹಂಗಾಮಿ ಸರ್ಕಾರದ ಸಚಿವರನ್ನು ಬೋಲ್ಶೆವಿಕರ ಪರವಾಗಿ ಅಂತೋನೊವ್-ಒವ್ಸೆಯೆಂಕೊ ಬಂಧಿಸಿದ. ಪ್ರಧಾನಿ ಕೆರೆನ್ಸ್ಕಿ ಅಲ್ಲಿರಲಿಲ್ಲ. ರಣರಂಗದಿಂದ ಸೈನ್ಯ ತರುತ್ತೇನೆಂದು ಹಿಂದಿನ ದಿನ ಬೆಳಿಗ್ಗೆಯೇ ಕಾರು ಹತ್ತಿ ಊರು ಬಿಟ್ಟಿದ್ದ. ಮುಂದೆ ಐಸೆನ್‌ಸ್ಟೈನ್ ತೆಗೆದ ಸಿನಿಮಾದಲ್ಲಿ ಅರಮನೆಯ ಗೇಟು ಹತ್ತಿ ನುಗ್ಗುವ ಜನಸಾಗರವನ್ನು ನೋಡಿದವರಿಗೆ ಅದೊಂದು ಮಹಾಯುದ್ಧವೆಂದೇ ತೋರುತ್ತದೆ. ದಾಖಲೆಗಳು ಬೇರೆ ಕಥೆ ಹೇಳುತ್ತವೆ. ಆ ಊರಿನ ದಂಡಿನಲ್ಲಿ ಸುಮಾರು ಒಂದೂವರೆ ಲಕ್ಷ ಸೈನಿಕರಿದ್ದರು. ಸರ್ಕಾರವನ್ನು ಕಾಯಲು ಬಂದವರು ಸೈನಿಕ ಶಾಲೆಯ ಕೆಡೆಟ್‌ಗಳು, ಮಹಿಳಾ ಪಡೆಯ ಒಂದು ತುಕಡಿ ಮತ್ತು ಒಂದಷ್ಟು ಕೊಸ್ಯಾಕರು. ಅವರಲ್ಲೂ ಅನೇಕರು ರಾತ್ರಿಯಾಗುವಷ್ಟರಲ್ಲಿ ಜಾಗ ಖಾಲಿ ಮಾಡಿದ್ದರು. ಉಳಿದ ದಂಡಿನ ಬಹುಪಾಲು ಸರ್ಕಾರದ ಮೇಲೆ ಬಂದೂಕೆತ್ತಲಿಲ್ಲ, ಸರ್ಕಾರಕ್ಕಾಗಿಯೂ ಎತ್ತಲಿಲ್ಲ. ತನ್ನ ಬಿಡಾರ ಬಿಟ್ಟು ಹೊರಗೇ ಬರಲಿಲ್ಲ.

ಸರ್ಕಾರವನ್ನು ಯಾರು ಬೀಳಿಸಿದರು ಎಂಬುದಕ್ಕೆ ಕಪಾಟು ತುಂಬುವಷ್ಟು ಪುಸ್ತಕಗಳಿವೆ. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಮಾರ್ಚಿನಲ್ಲಿ ಇಡೀ ದೇಶ ಸ್ವಾಗತಿಸಿದ್ದ ಸರ್ಕಾರವನ್ನು ಅಕ್ಟೋಬರಿನಲ್ಲಿ ಕಾಯಲು ಯಾರೂ ಬರಲಿಲ್ಲವೇಕೆ? ಅದರ ಆದೇಶಗಳು ಹೊರಟವು, ಸರಿ. ಎಲ್ಲಿಗೆ ಹೋಗಿ ನಿಂತವು?

ಆರೋಪಿಯೇ ಸಂಪಾದಕ

ಈ ಹುಡುಕಾಟಕ್ಕೆ ಇಳಿದವರು ಮೊದಲು ಮುಟ್ಟುವುದು 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದ ಮೂರು ದಪ್ಪ ಸಂಪುಟಗಳನ್ನು. ಕಾನೂನು, ಸುತ್ತೋಲೆ, ತಂತಿ, ಭಾಷಣ, ಪತ್ರಿಕೆಗಳ ಸಂಪಾದಕೀಯ ಹೀಗೆ ಸಾವಿರಕ್ಕೂ ಹೆಚ್ಚು ದಾಖಲೆಗಳು ಇಂಗ್ಲಿಷ್ ಅನುವಾದದಲ್ಲಿ ಅಲ್ಲಿವೆ. ಸಂಪಾದಕರು ಇಬ್ಬರು. ಒಬ್ಬರು ಅಮೆರಿಕದ ಇತಿಹಾಸಕಾರ ರಾಬರ್ಟ್ ಪಾಲ್ ಬ್ರೌಡರ್. ಇನ್ನೊಬ್ಬ ಸಾಕ್ಷಾತ್ ಅಲೆಕ್ಸಾಂಡರ್ ಕೆರೆನ್ಸ್ಕಿ! 36ನೇ ವಯಸ್ಸಿನಲ್ಲಿ ಕಳೆದುಕೊಂಡ ಸರ್ಕಾರದ ಕಡತಗಳನ್ನು 80ರ ಹೊಸ್ತಿಲಲ್ಲಿ ಕೂತು ಆತನೇ ಜೋಡಿಸಿದ್ದ. ಆರೋಪಿಯೇ ದೋಷಾರೋಪ ಪಟ್ಟಿಯನ್ನು ಅಚ್ಚಿಗೆ ಕೊಟ್ಟ ಉದಾಹರಣೆ ಇತಿಹಾಸದಲ್ಲಿ ಹೆಚ್ಚು ಇರಲಾರದು. ಹಾಗೆಂದು ಆ ಸಂಪುಟಗಳನ್ನು ತಳ್ಳಿಹಾಕುವಂತಿಲ್ಲ. ಯಾವ ದಾಖಲೆಯ ಪಕ್ಕ ಯಾವುದನ್ನು ಇಟ್ಟಿದ್ದಾರೆ ಎಂಬುದನ್ನು ಮರೆತು, ಪಠ್ಯ ಮತ್ತು ತಾರೀಖನ್ನಷ್ಟೇ ಓದಿದರೆ ಅವು ತಮ್ಮ ಸಂಪಾದಕನ ವಿರುದ್ಧವೂ ಸಾಕ್ಷಿ ಹೇಳುತ್ತವೆ.

ಎರಡನೆಯದು ಸಚಿವ ಸಂಪುಟದ ನಡವಳಿ. 2001ರಿಂದ 2004ರವರೆಗೆ ಮಾಸ್ಕೋದಲ್ಲಿ ನಾಲ್ಕು ಸಂಪುಟಗಳಾಗಿ ಅಚ್ಚಾಯಿತು. ಓದಲು ನೀರಸ. ವಿಷಯ ಇಂಥದ್ದು, ತೀರ್ಮಾನ ಇಂಥದ್ದು, ಅಷ್ಟೇ. ಯಾರು ವಾದಿಸಿದರು, ಯಾರು ಸಿಟ್ಟಾದರು ಎಂಬುದು ಅಲ್ಲಿ ವಿರಳ. ಅದಕ್ಕೆ ನೆನಪಿನ ಬರಹಗಳಿಗೇ ಮೊರೆಹೋಗಬೇಕು. ಸರ್ಕಾರದ ಆಡಳಿತ ಕಚೇರಿಯ ಮುಖ್ಯಸ್ಥನಾಗಿದ್ದ ವ್ಲಾದಿಮಿರ್ ನಬೊಕೊವ್ ಬರೆದದ್ದು ಅವುಗಳಲ್ಲಿ ಮುಖ್ಯವಾದದ್ದು. ಮುಂದೆ ಹೆಸರಾದ ಕಾದಂಬರಿಕಾರನ ತಂದೆ ಈತ. ವಿದೇಶಾಂಗ ಸಚಿವನಾಗಿದ್ದ ಮಿಲ್ಯುಕೋವ್ ಬರೆದ, ಪೆಟ್ರೋಗ್ರಾಡ್ ಸೋವಿಯತ್ತಿನ ಕಡೆಯಿಂದ ಸುಖಾನೊವ್ ಬರೆದ. ಎಲ್ಲರಿಗೂ ಒಬ್ಬೊಬ್ಬ ತಪ್ಪಿತಸ್ಥ ಬೇಕಾಗಿತ್ತು. ಆದ್ದರಿಂದ ನೆನಪಿಗಿಂತ ಆ ದಿನದ ಕಾಗದಕ್ಕೆ ಹೆಚ್ಚು ಬೆಲೆ ಕೊಡುವುದು ಕ್ಷೇಮ.

ತಾರೀಖಿನದು ಇನ್ನೊಂದು ತೊಡಕು. ರಷ್ಯಾದ ಆಗಿನ ಪಂಚಾಂಗ ಯುರೋಪಿನದಕ್ಕಿಂತ 13 ದಿನ ಹಿಂದಿತ್ತು. ಬ್ರಿಟಿಷ್ ರಾಯಭಾರಿಯ ಟಿಪ್ಪಣಿಯನ್ನೂ ರಷ್ಯನ್ ಸಚಿವನ ಪತ್ರವನ್ನೂ ಹಾಗೇ ಪಕ್ಕಪಕ್ಕ ಇಟ್ಟರೆ ಉತ್ತರ ಬಂದ ಮೇಲೆ ಪ್ರಶ್ನೆ ಕೇಳಿದಂತಾಗುತ್ತದೆ. ಈ ಬರಹದಲ್ಲಿ 1917ರ ತಾರೀಖುಗಳೆಲ್ಲ ಅಂದಿನ ರಷ್ಯದ ಲೆಕ್ಕದವು.

ಮೊದಲ ವಾರದ ಮೂರು ಕಾಗದ

ಫೆಬ್ರವರಿಯ ಕ್ರಾಂತಿಗೆ ಮಣಿದು ಮಾರ್ಚ್ 2ರಂದು ಪ್ಸ್ಕೋವ್‌ನಲ್ಲಿ ತ್ಸಾರ್ ಎರಡನೇ ನಿಕೊಲಾಸ್ ಸಿಂಹಾಸನ ಬಿಟ್ಟ. ರಾಜಕುಮಾರ ಲ್ವೋವ್ ನೇತೃತ್ವದಲ್ಲಿ ಹಂಗಾಮಿ ಸರ್ಕಾರ ಬಂತು. ಚುನಾಯಿತ ಸಂವಿಧಾನ ಸಭೆ ಸೇರುವವರೆಗೆ ಮಾತ್ರ ತಾವು ಎಂಬುದು ಅದರ ಮೊದಲ ಮಾತು. ಆ ವಾರದ ಮೂರು ಕಾಗದಗಳನ್ನು ಒಟ್ಟಿಗೆ ಓದಬೇಕು.

ಮೊದಲನೆಯದು ಸರ್ಕಾರಕ್ಕಿಂತ ಒಂದು ದಿನ ಹಿರಿದು. ಮಾರ್ಚ್ 1ರಂದು ಕಾರ್ಮಿಕರ ಮತ್ತು ಸೈನಿಕರ ಪ್ರತಿನಿಧಿಗಳ ಸಂಸ್ಥೆಯಾದ ಪೆಟ್ರೋಗ್ರಾಡ್ ಸೋವಿಯತ್ ಹೊರಡಿಸಿದ ಒಂದನೇ ಸಂಖ್ಯೆಯ ಆದೇಶ ಅದು. ವಕೀಲ ಸೊಕೊಲೊವ್ ಮೇಜಿನ ಮುಂದೆ ಕೂತಿದ್ದ, ಸುತ್ತ ಮುತ್ತಿಕೊಂಡ ಸೈನಿಕರು ಹೇಳಿ ಬರೆಸಿದರು ಎಂದು ಸುಖಾನೊವ್ ದಾಖಲಿಸಿದ್ದಾನೆ. ಪ್ರತಿ ತುಕಡಿಯೂ ಸಮಿತಿ ಚುನಾಯಿಸಬೇಕು. ಶಸ್ತ್ರಾಸ್ತ್ರ ಸಮಿತಿಯ ಕೈಯಲ್ಲಿರಬೇಕು, ಅಧಿಕಾರಿಗಳಿಗೆ ಕೊಡಕೂಡದು. ಕೆಲಸವಿಲ್ಲದ ಹೊತ್ತಿನಲ್ಲಿ ಸಲಾಮು ಹೊಡೆಯಬೇಕಿಲ್ಲ. ತ್ಸಾರ್ ಕಾಲದ ಸಂಸತ್ತಾದ ಡ್ಯೂಮಾದ ಸೈನಿಕ ಆಯೋಗದ ಆದೇಶಗಳನ್ನು ಸೋವಿಯತ್ತಿನ ಆದೇಶಕ್ಕೆ ವಿರುದ್ಧವಾಗದಿದ್ದರೆ ಮಾತ್ರ ಪಾಲಿಸಬೇಕು.

ಎರಡನೆಯದು ಮಾರ್ಚ್ 3ರಂದು ಪ್ರಕಟವಾದ ಸರ್ಕಾರದ ಎಂಟು ಅಂಶಗಳ ಘೋಷಣೆ. ರಾಜಕೀಯ ಕೈದಿಗಳ ಬಿಡುಗಡೆ, ವಾಕ್ ಸ್ವಾತಂತ್ರ್ಯ, ಜಾತಿ ಮತ ಭೇದದ ಕಾನೂನುಗಳ ರದ್ದು, ಸಂವಿಧಾನ ಸಭೆಗೆ ತಕ್ಷಣ ಸಿದ್ಧತೆ. ಎಲ್ಲರ ಕಣ್ಣೂ ಇವುಗಳ ಮೇಲೆ ಬೀಳುತ್ತದೆ. ನನಗೆ ಮುಖ್ಯವೆನಿಸಿದ್ದು ಏಳನೆಯ ಅಂಶ: ಕ್ರಾಂತಿಯಲ್ಲಿ ಪಾಲ್ಗೊಂಡ ತುಕಡಿಗಳ ಆಯುಧ ಕಸಿಯುವುದಿಲ್ಲ, ಅವುಗಳನ್ನು ಪೆಟ್ರೋಗ್ರಾಡಿನಿಂದ ಹೊರಗೆ ಕಳುಹಿಸುವುದಿಲ್ಲ. ಯುದ್ಧ ನಡೆಸುತ್ತಿರುವ ಸರ್ಕಾರವೊಂದು ತನ್ನ ರಾಜಧಾನಿಯ ದಂಡನ್ನು ಕದಲಿಸುವ ಅಧಿಕಾರವನ್ನು ಹುಟ್ಟುತ್ತಲೇ ಬರೆದುಕೊಟ್ಟಿತ್ತು.

ಮೂರನೆಯದು ಮಾರ್ಚ್ 9ರ ಪತ್ರ. ಯುದ್ಧ ಸಚಿವ ಗುಚ್ಕೋವ್ ಜನರಲ್ ಅಲೆಕ್ಸೆಯೆವ್‌ಗೆ ಬರೆದದ್ದು. ಸರ್ಕಾರದ ಕೈಯಲ್ಲಿ ನಿಜವಾದ ಅಧಿಕಾರ ಏನೂ ಇಲ್ಲ. ಸೈನ್ಯ, ರೈಲ್ವೆ, ಅಂಚೆ, ತಂತಿ ಎಲ್ಲವೂ ಸೋವಿಯತ್ತಿನ ಹಿಡಿತದಲ್ಲಿವೆ. ಅದು ಬಿಟ್ಟಷ್ಟು ಮಟ್ಟಿಗೆ ಮಾತ್ರ ನಮ್ಮ ಆದೇಶ ನಡೆಯುತ್ತದೆ ಎಂಬುದು ಅದರ ಸಾರ. ಸರ್ಕಾರಕ್ಕೆ ಆಗ ಒಂದು ವಾರ ವಯಸ್ಸು. ಸೋಲಿನ ಕಾರಣವನ್ನು ಅಕ್ಟೋಬರಿನ ಕಡತಗಳಲ್ಲಿ ಹುಡುಕುವವರು ಈ ಪತ್ರವನ್ನು ಮೊದಲು ಓದಬೇಕು.

ಅದೇ ವಾರ ಲ್ವೋವ್ ತಂತಿ ಕಳುಹಿಸಿ ಪ್ರಾಂತಗಳ ಗವರ್ನರುಗಳನ್ನೆಲ್ಲ ತೆಗೆದ. ಅವರ ಜಾಗಕ್ಕೆ ಜಿಲ್ಲಾ ಮಂಡಳಿಗಳಂಥ ಜೆಮ್ಸ್ತ್ವೊಗಳ ಅಧ್ಯಕ್ಷರು ಬಂದರು. ಹಳೆಯ ಪೊಲೀಸ್ ವ್ಯವಸ್ಥೆಯೂ ಹೋಯಿತು. ಜನ ತಮ್ಮ ಆಡಳಿತವನ್ನು ತಾವೇ ಕಟ್ಟಿಕೊಳ್ಳುತ್ತಾರೆ ಎಂದು ಲ್ವೋವ್ ನಂಬಿದ್ದ. ಜನ ಕಟ್ಟಿಕೊಂಡರೂ ಕೂಡ. ಆದರೆ ಹೊಸ ಸಮಿತಿಗಳು ಊರಿನ ಮಾತು ಕೇಳಿದವೇ ಹೊರತು ಪೆಟ್ರೋಗ್ರಾಡಿನ ಸುತ್ತೋಲೆಯನ್ನಲ್ಲ.

ಧಾನ್ಯ, ಜಮೀನು, ಚುನಾವಣೆ

ಅಧಿಕಾರ ಇಲ್ಲದೆಯೂ ಸರ್ಕಾರ ಎಂಟು ತಿಂಗಳು ಬಾಳಿತಲ್ಲ, ಆ ಅವಧಿಯಲ್ಲಿ ಅದರ ಆದೇಶಗಳಿಗೆ ಏನಾಯಿತು? ಮೂರು ಆದೇಶಗಳ ಬೆನ್ನು ಹತ್ತಿದೆ.

ಮೊದಲನೆಯದು ಧಾನ್ಯ. ಫೆಬ್ರವರಿಯ ಕ್ರಾಂತಿ ಶುರುವಾದದ್ದೇ ಬ್ರೆಡ್ಡಿನ ಸಾಲುಗಳಿಂದ. ಮಾರ್ಚ್ 25ರ ಕಾನೂನು ರೈತನ ಊಟ, ಬಿತ್ತನೆ ಮತ್ತು ದನಕರುಗಳ ಮೇವಿಗೆ ಬೇಕಾದಷ್ಟು ಬಿಟ್ಟು ಉಳಿದ ಧಾನ್ಯವೆಲ್ಲ ಸರ್ಕಾರದ್ದು ಎಂದಿತು. ನಮ್ಮಲ್ಲಿ ಲೆವಿ ಎನ್ನುತ್ತಿದ್ದರಲ್ಲ, ಅದರ ಅತಿ ಉಗ್ರ ರೂಪ. ಬೆಲೆ ನಿಗದಿಯಾಯಿತು. ಆದರೆ ರೈತ ಕೊಳ್ಳಬೇಕಾದ ಮೊಳೆ, ಬಟ್ಟೆ, ಸೀಮೆಎಣ್ಣೆಗೆ ನಿಗದಿತ ಬೆಲೆಯೂ ಇರಲಿಲ್ಲ, ಅಂಗಡಿಯಲ್ಲಿ ಸರಕೂ ಇರಲಿಲ್ಲ. ಕಾರ್ಖಾನೆಗಳೆಲ್ಲ ಗುಂಡು ಮದ್ದು ತಯಾರಿಸುತ್ತಿದ್ದವು. ಕೊಟ್ಟ ಧಾನ್ಯಕ್ಕೆ ರೈತನಿಗೆ ಸಿಕ್ಕಿದ್ದು ಬರೀ ಕಾಗದ. ಮಾರ್ಚ್ ಆರಂಭದಲ್ಲಿ ಚಲಾವಣೆಯಲ್ಲಿದ್ದ ನೋಟು ಸುಮಾರು 1,000 ಕೋಟಿ ರೂಬಲ್. ಅಕ್ಟೋಬರ್ ಮುಗಿಯುವಾಗ ಸುಮಾರು 1,900 ಕೋಟಿ. ಕೊನೆಕೊನೆಗೆ ಬಂದ 20 ಮತ್ತು 40 ರೂಬಲ್‌ಗಳ ಪುಟ್ಟ ನೋಟುಗಳಿಗೆ ಜನ ಕೆರೆನ್ಕಿ ಎಂದು ಹೆಸರಿಟ್ಟರು. ಅವುಗಳ ಮೇಲೆ ಕ್ರಮಸಂಖ್ಯೆಯಿಲ್ಲ, ತಾರೀಖಿಲ್ಲ, ಯಾರ ಸಹಿಯೂ ಇಲ್ಲ. ಕತ್ತರಿಸದ ಹಾಳೆಗಳಾಗಿಯೇ ಕೈಬದಲಾಗುತ್ತಿದ್ದವು.

ನಿಗದಿತ ಬೆಲೆಯನ್ನು ಏರಿಸುವುದಿಲ್ಲ ಎಂದು ಸರ್ಕಾರ ಮಾತು ಕೊಟ್ಟಿತ್ತು. ಆಗಸ್ಟ್ 27ರಂದು ಒಮ್ಮೆಲೇ ಇಮ್ಮಡಿ ಮಾಡಿತು. ಆಹಾರ ಸಚಿವ ಪೆಶೆಖೊನೊವ್ ಹುದ್ದೆ ಬಿಟ್ಟ. ಸರ್ಕಾರದ ಮಾತು ನಂಬಿ ಮೊದಲೇ ಧಾನ್ಯ ಕೊಟ್ಟ ರೈತ ಮೂರ್ಖನಾದ, ಬಚ್ಚಿಟ್ಟವ ಜಾಣನಾದ. ಮುಂದಿನ ಆದೇಶವನ್ನು ಯಾರು ಪಾಲಿಸಿಯಾರು?

ಎರಡನೆಯದು ಜಮೀನು. ಏಪ್ರಿಲ್ 21ರಂದು ಸರ್ಕಾರ ಎಲ್ಲೆಡೆ ಭೂ ಸಮಿತಿಗಳನ್ನು ರಚಿಸಿತು. ಮಾಹಿತಿ ಕೂಡಿಹಾಕುವುದು, ವ್ಯಾಜ್ಯ ಬಗೆಹರಿಸುವುದು ಅವುಗಳ ಕೆಲಸ. ಜಮೀನು ಹಂಚುವುದು ಸಂವಿಧಾನ ಸಭೆಗೆ ಸೇರಿದ್ದು ಎಂದು ಹೇಳಿತು. ಜಮೀನ್ದಾರರ ಭೂಮಿ ತಮಗೆ ಬರುವುದು ಖಚಿತ, ಆದರೆ ಯಾವಾಗ ಎಂದು ತಿಳಿಯದ ರೈತರು ತಾವೇ ಶುರುಮಾಡಿದರು. ಮೊದಲು ಹುಲ್ಲುಗಾವಲು, ಆಮೇಲೆ ಕಾಡಿನ ಮರ, ಆಮೇಲೆ ಉಳುವ ಹೊಲ. ಜುಲೈ ಮಧ್ಯದ ಎರಡು ಸುತ್ತೋಲೆಗಳು ಈ ಕಡತದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಕೃಷಿ ಸಚಿವ ಚೆರ್ನೊವ್, ರೈತರ ನ್ಯಾಯವಾದ ಬೇಡಿಕೆಗಳನ್ನು ಭೂ ಸಮಿತಿಗಳು ಈಡೇರಿಸಲಿ ಎನ್ನುತ್ತಾನೆ. ಒಂದೆರಡು ದಿನಗಳ ಅಂತರದಲ್ಲಿ ಒಳಾಡಳಿತ ಸಚಿವ ತ್ಸೆರೆತೆಲಿ, ಜಮೀನು ಆಕ್ರಮಿಸುವವರ ಮೇಲೆ ಕಠಿಣ ಕ್ರಮ ಕೈಗೊಳ್ಳಿ ಎನ್ನುತ್ತಾನೆ. ಇಬ್ಬರೂ ಸಮಾಜವಾದಿಗಳೇ, ಒಂದೇ ಸಂಪುಟದವರೇ. ಎತ್ತು ಏರಿಗೆ, ಕೋಣ ನೀರಿಗೆ. ಕೆಲವೆಡೆ ಮೊದಲ ಸುತ್ತೋಲೆ ಪಾಲಿಸಿದ ಭೂ ಸಮಿತಿಯವರನ್ನು ಎರಡನೆಯದರ ಬಲದಿಂದ ಬಂಧಿಸಿದರು.

ಮೂರನೆಯದು, ಉಳಿದೆಲ್ಲಕ್ಕೂ ಉತ್ತರವಾಗಬೇಕಿದ್ದ ಚುನಾವಣೆ. ಚುನಾವಣಾ ಕಾನೂನು ರೂಪಿಸುವ ವಿಶೇಷ ಮಂಡಳಿ ಮೊದಲ ಬಾರಿ ಸೇರಿದ್ದೇ ಮೇ 25ರಂದು. ಅಲ್ಲಿ ಕೂತವರು ಒಳ್ಳೆಯ ನ್ಯಾಯಶಾಸ್ತ್ರಜ್ಞರು. ಮತದಾರನ ವಯಸ್ಸೆಷ್ಟು? ಸೈನ್ಯ ಬಿಟ್ಟು ಓಡಿದವನಿಗೆ ಮತ ಇದೆಯೇ? ರೊಮಾನೊವ್ ರಾಜವಂಶದವರಿಗೆ ಇದೆಯೇ? ಪ್ರತಿಯೊಂದನ್ನೂ ಎಳೆ ಎಳೆಯಾಗಿ ಬಿಡಿಸಿದರು. ಹೊರಬಂದ ಕಾನೂನು ನಿಜಕ್ಕೂ ಆ ಕಾಲದ ಅತ್ಯುತ್ತಮ ಕಾನೂನುಗಳಲ್ಲೊಂದು: ಹೆಂಗಸರಿಗೂ ಮತ, ಗುಪ್ತ ಮತದಾನ, ಪಕ್ಷಗಳಿಗೆ ಮತದ ಪ್ರಮಾಣದಲ್ಲಿ ಸ್ಥಾನ. ಜೂನ್ 14ರಂದು ಸರ್ಕಾರ ಸೆಪ್ಟೆಂಬರ್ 17ಕ್ಕೆ ಚುನಾವಣೆ ಎಂದಿತು. ಆಗಸ್ಟ್ 9ರಂದು ನವೆಂಬರ್ 12ಕ್ಕೆ ಮುಂದೂಡಿತು.

ಇಷ್ಟು ಕಾಲ ಬೇಕಿತ್ತೆ? 1848ರ ಫೆಬ್ರವರಿಯಲ್ಲಿ ರಾಜನನ್ನು ಓಡಿಸಿದ ಫ್ರಾನ್ಸ್ ಏಪ್ರಿಲಿನಲ್ಲೇ ಮತ ಹಾಕಿತ್ತು. 1918ರ ನವೆಂಬರಿನಲ್ಲಿ ಕೈಸರನನ್ನು ಕಳೆದುಕೊಂಡ ಜರ್ಮನಿ ಮುಂದಿನ ಜನವರಿಯಲ್ಲಿ ಮತ ಹಾಕಿತು. ರಷ್ಯಾ ವಿಶಾಲವಾದ ದೇಶ, ಊರೂರಿನಲ್ಲಿ ಮತದಾರರ ಪಟ್ಟಿ ಮಾಡಬಲ್ಲ ಸ್ಥಳೀಯ ಸಂಸ್ಥೆಗಳು ಇನ್ನೂ ಹುಟ್ಟಬೇಕಿತ್ತು, ಲಕ್ಷಾಂತರ ಮತದಾರರು ಕಂದಕಗಳಲ್ಲಿದ್ದರು ಎಂಬ ಸಮಾಧಾನ ಸುಳ್ಳಲ್ಲ. ಆದರೆ ಆ ಕೊನೆಯ ಮಾತು ನಮ್ಮನ್ನು ಎಲ್ಲ ದಾರಿಗಳೂ ಹೋಗಿ ಸೇರುವ ಜಾಗಕ್ಕೆ ತರುತ್ತದೆ.

ಯುದ್ಧದ ಕಡತ

ಧಾನ್ಯ ಸಾಗಿಸಲು ರೈಲಿಲ್ಲ, ಏಕೆಂದರೆ ಯುದ್ಧ. ಅಂಗಡಿಯಲ್ಲಿ ಸರಕಿಲ್ಲ, ಏಕೆಂದರೆ ಯುದ್ಧ. ಜಮೀನು ಹಂಚಿದರೆ ತಮ್ಮ ಪಾಲು ತಪ್ಪೀತೆಂದು ಸೈನಿಕರು ಕಂದಕ ಬಿಟ್ಟು ಊರಿಗೆ ಓಡುತ್ತಾರೆಂಬ ಭಯ. ಚುನಾವಣೆಗೂ ಅದೇ ಅಡ್ಡಿ. ಹಾಗಾದರೆ ಯುದ್ಧದ ಬಗ್ಗೆ ಸರ್ಕಾರ ಏನು ಮಾಡಿತು?

ಏಪ್ರಿಲ್ 18ರಂದು ಮಿಲ್ಯುಕೋವ್ ಮಿತ್ರರಾಷ್ಟ್ರಗಳಿಗೆ ಟಿಪ್ಪಣಿ ಕಳುಹಿಸಿದ. ನಿರ್ಣಾಯಕ ಗೆಲುವಿನವರೆಗೆ ಯುದ್ಧ, ಹಳೆಯ ಒಪ್ಪಂದಗಳಿಗೆ ರಷ್ಯಾ ಬದ್ಧ ಎಂಬುದು ಅದರ ಅರ್ಥ. ತ್ಸಾರ್ ಕಾಲದ ಆ ಗುಪ್ತ ಒಪ್ಪಂದಗಳಲ್ಲಿ ಕಾನ್‌ಸ್ಟಾಂಟಿನೋಪಲ್ ರಷ್ಯಾಕ್ಕೆ ಸಿಗುವ ಮಾತಿತ್ತು. ಟಿಪ್ಪಣಿ ಬಹಿರಂಗವಾದದ್ದೇ ತಡ, ಶಸ್ತ್ರಸಜ್ಜಿತ ತುಕಡಿಗಳು ಬೀದಿಗಿಳಿದವು. ರಾಜಧಾನಿಯ ಸೇನಾಧಿಪತಿಯಾಗಿದ್ದ ಕೊರ್ನಿಲೋವ್ ಸೈನ್ಯ ತರಿಸಲು ಹೊರಟಾಗ ಸೋವಿಯತ್ ಏಪ್ರಿಲ್ 21ರಂದು ಒಂದು ಸಾಲಿನ ನಿಯಮ ಮಾಡಿತು: ತಾನು ಹೆಸರಿಸಿದ ಏಳು ಜನರಲ್ಲಿ ಕನಿಷ್ಠ ಇಬ್ಬರ ಸಹಿಯಿಲ್ಲದೆ ಯಾವ ತುಕಡಿಯೂ ಬೀದಿಗೆ ಬರಕೂಡದು. ತುಕಡಿಗಳು ಒಪ್ಪಿದವು. ಗುಚ್ಕೋವ್ ರಾಜೀನಾಮೆ ಕೊಟ್ಟ, ಮಿಲ್ಯುಕೋವ್ ಹೋದ, ಕೊರ್ನಿಲೋವ್ ರಣರಂಗಕ್ಕೆ ಹೊರಟ. ಮೇ 5ರಂದು ಸೋವಿಯತ್ತಿನ ನಾಯಕರೇ ಸಂಪುಟ ಸೇರಿದರು. ಇದರಿಂದ ಸರ್ಕಾರಕ್ಕೆ ಬಲ ಬರುವ ಬದಲು, ಇನ್ನು ಮುಂದೆ ಅದರ ಸೋಲಿನಲ್ಲಿ ಸೋವಿಯತ್ತನ್ನು ನಡೆಸುತ್ತಿದ್ದ ಮೆನ್ಶೆವಿಕರಿಗೂ ಸಮಾಜವಾದಿ ಕ್ರಾಂತಿಕಾರಿಗಳಿಗೂ ಪಾಲು ಸಿಕ್ಕಿತು. ಹೊರಗೆ ಕಳಂಕವಿಲ್ಲದೆ ಉಳಿದವರು ಬೋಲ್ಶೆವಿಕರು.

ಹೊಸ ಯುದ್ಧ ಸಚಿವ ಕೆರೆನ್ಸ್ಕಿ ರಣರಂಗ ಸುತ್ತಿ ಭಾಷಣ ಮಾಡಿದ. ಜೂನ್ 18ರಂದು ಗಲೀಶಿಯದಲ್ಲಿ ಮಹಾದಾಳಿ ಶುರುವಾಯಿತು. ಮೊದಲ ದಿನಗಳ ತಂತಿಗಳಲ್ಲಿ ಗೆಲುವಿನ ಸುದ್ದಿ. ಜುಲೈ 6ರಂದು ಜರ್ಮನರು ತಿರುಗಿ ಹೊಡೆದರು. ಮೂರು ದಿನಗಳ ಮೇಲೆ ಹನ್ನೊಂದನೇ ಸೇನೆಯಲ್ಲಿದ್ದ ಸರ್ಕಾರದ ಕಮಿಸಾರರು ಕಳುಹಿಸಿದ ತಂತಿ ಸರ್ಕಾರದ ಇಡೀ ಕಡತದಲ್ಲೇ ಅತ್ಯಂತ ನಿಷ್ಠುರವಾದದ್ದು. ತುಕಡಿಗಳು ಕ್ಷಣಕ್ಷಣಕ್ಕೂ ಕುಸಿಯುತ್ತಿವೆ, ಆಜ್ಞೆ ವಿಧೇಯತೆ ಎಂಬ ಮಾತೇ ಉಳಿದಿಲ್ಲ, ಬುದ್ಧಿ ಹೇಳಹೋದರೆ ಬೆದರಿಕೆ, ಕೆಲವೊಮ್ಮೆ ಗುಂಡೇ ಉತ್ತರ ಎಂದು ಅದು ವರದಿ ಮಾಡುತ್ತದೆ. ಬರೆದವರು ಸರ್ಕಾರದ ಶತ್ರುಗಳಲ್ಲ, ಅದೇ ನೇಮಿಸಿದವರು. ಮಾರ್ಚ್ 12ರಂದು ಮರಣದಂಡನೆ ರದ್ದು ಮಾಡಿದ್ದ ಸರ್ಕಾರ ಜುಲೈ 12ರಂದು ರಣರಂಗದಲ್ಲಿ ಅದನ್ನು ಮತ್ತೆ ತಂದಿತು.

ಮಾರ್ಚ್ ಘೋಷಣೆಯ ಏಳನೆಯ ಅಂಶವೂ ಆ ಬೇಸಿಗೆಯಲ್ಲೇ ತಿರುಗಿಬಿತ್ತು. ದಾಳಿಗಾಗಿ ರಾಜಧಾನಿಯ ಒಂದನೇ ಮೆಷಿನ್‌ಗನ್ ರೆಜಿಮೆಂಟಿನಿಂದ ಸೈನಿಕರನ್ನೂ ಬಂದೂಕುಗಳನ್ನೂ ಕೇಳಿದರು. ಜುಲೈ 3ರ ದಂಗೆ ಆ ರೆಜಿಮೆಂಟಿನಿಂದಲೇ ಹೊರಟಿತು. ದಂಗೆ ಅಡಗಿತು, ಬೋಲ್ಶೆವಿಕರ ನಾಯಕ ಲೆನಿನ್ ತಲೆಮರೆಸಿಕೊಂಡ, ಲ್ವೋವ್ ರಾಜೀನಾಮೆ ಕೊಟ್ಟ, ಕೆರೆನ್ಸ್ಕಿ ಪ್ರಧಾನಿಯಾದ.

ಜರ್ಮನ್ ಹಣದ ಜಾಡು

ಎಲ್ಲಕ್ಕೂ ಬೋಲ್ಶೆವಿಕರಿಗೆ ಬಂದ ಜರ್ಮನಿಯ ಹಣವೇ ಕಾರಣ ಎಂಬ ವಾದವನ್ನು ಕೆರೆನ್ಸ್ಕಿ ಸಾಯುವವರೆಗೂ ಬಿಡಲಿಲ್ಲ. ಈ ಜಾಡು ಹಿಡಿಯುವವರು ಎಚ್ಚರದಿಂದಿರಬೇಕು. ಅಮೆರಿಕದ ಎಡ್ಗರ್ ಸಿಸನ್ ಪೆಟ್ರೋಗ್ರಾಡಿನಲ್ಲಿ ದುಡ್ಡು ಕೊಟ್ಟು ಕೊಂಡ, 1918ರಲ್ಲಿ ಅಮೆರಿಕನ್ ಸರ್ಕಾರವೇ ಅಚ್ಚು ಹಾಕಿದ ದಾಖಲೆಗಳು ನಕಲಿ ಎಂದು 1956ರಲ್ಲಿ ಜಾರ್ಜ್ ಕೆನನ್ ತೋರಿಸಿದರು. ಬೇರೆ ಬೇರೆ ಕಚೇರಿಗಳಿಂದ ಬಂದವೆನ್ನಲಾದ ಪತ್ರಗಳು ಒಂದೇ ಟೈಪ್‌ರೈಟರಿನಲ್ಲಿ ಮೂಡಿದ್ದವು. ಆದರೆ ಅದೇ ದಶಕದಲ್ಲಿ, ಎರಡನೇ ಮಹಾಯುದ್ಧದಲ್ಲಿ ವಶವಾದ ಜರ್ಮನ್ ವಿದೇಶಾಂಗ ಕಡತಗಳಿಂದ ಅಸಲಿ ಕಾಗದವೂ ಸಿಕ್ಕಿತು. ಬೋಲ್ಶೆವಿಕರಿಗೆ ತಮ್ಮಿಂದ ಹಣ ಹರಿದ ಮೇಲೇ ಅವರ ಪತ್ರಿಕೆ ಬೆಳೆಯಿತೆಂದು ವಿದೇಶಾಂಗ ಕಾರ್ಯದರ್ಶಿ ಕ್ಯೂಲ್‌ಮನ್ ಹೆಮ್ಮೆಪಟ್ಟುಕೊಂಡ ತಂತಿ ಅದು.

ಹಣ ಬಂದಿರಬಹುದು. ಅದರಿಂದ ಪತ್ರಿಕೆ ಅಚ್ಚಾದೀತು. ಹಳ್ಳಿಯ ರೈತ ಧಾನ್ಯ ಬಚ್ಚಿಟ್ಟದ್ದಕ್ಕೆ, ಸಚಿವರಿಬ್ಬರು ಎದುರುಬದುರು ಸುತ್ತೋಲೆ ಹೊರಡಿಸಿದ್ದಕ್ಕೆ, ದಂಡು ಬಿಡಾರ ಬಿಡದ್ದಕ್ಕೆ ಬರ್ಲಿನ್ನಿನ ಹಣ ಉತ್ತರವಲ್ಲ.

ತಂತಿಯ ಸುರುಳಿ

ಆಗಸ್ಟ್ 26ರ ರಾತ್ರಿಯ ಒಂದು ಸಂಭಾಷಣೆ ಅಕ್ಷರಶಃ ಉಳಿದಿದೆ. ಹ್ಯೂಸ್ ತಂತಿಯಂತ್ರ ಮಾತುಗಳನ್ನು ಕಾಗದದ ಪಟ್ಟಿಯ ಮೇಲೆ ಮುದ್ರಿಸುತ್ತಿತ್ತು. ಒಂದು ತುದಿಯಲ್ಲಿ ಪೆಟ್ರೋಗ್ರಾಡಿನಲ್ಲಿ ಕೆರೆನ್ಸ್ಕಿ, ಇನ್ನೊಂದು ತುದಿಯಲ್ಲಿ ಮೊಗಿಲೆವ್‌ನ ಸೇನಾ ಕಚೇರಿಯಲ್ಲಿ ಕೊರ್ನಿಲೋವ್. ಆತ ಆಗ ಮಹಾದಂಡನಾಯಕ. ಐದು ದಿನ ಹಿಂದಷ್ಟೇ ರೀಗಾ ಜರ್ಮನರ ವಶವಾಗಿತ್ತು. ಮಾಜಿ ಸಚಿವ ವ್ಲಾದಿಮಿರ್ ಲ್ವೋವ್, ಅಂದರೆ ಹಳೆಯ ಪ್ರಧಾನಿಯಲ್ಲ, ಅದೇ ಮನೆಹೆಸರಿನ ಬೇರೊಬ್ಬ, ಇಬ್ಬರ ನಡುವೆ ಓಡಾಡಿ ಅಧಿಕಾರವೆಲ್ಲ ಕೊರ್ನಿಲೋವ್‌ಗೆ ಒಪ್ಪಿಸಬೇಕಂತೆ ಎಂಬ ಸಂದೇಶ ತಂದಿದ್ದ. ಅದನ್ನು ಖಚಿತಪಡಿಸಿಕೊಳ್ಳಲು ಕೆರೆನ್ಸ್ಕಿ ಮತ್ತು ಲ್ವೋವ್ ಇಬ್ಬರೂ ಯಂತ್ರದ ಮುಂದೆ ಬರಬೇಕಿತ್ತು. ಲ್ವೋವ್ ಹೊತ್ತಿಗೆ ಬರಲಿಲ್ಲ. ಕೆರೆನ್ಸ್ಕಿ ತನ್ನ ಮಾತನ್ನೂ ಆಡಿ, ಲ್ವೋವ್‌ನ ಹೆಸರಿನಲ್ಲೂ ತಾನೇ ಮಾತಾಡಿದ.

ಪಟ್ಟಿಯನ್ನು ಎಷ್ಟು ಸಲ ಓದಿದರೂ ಅದರಲ್ಲಿ ಇಲ್ಲದ್ದೇ ಕಣ್ಣಿಗೆ ಬೀಳುತ್ತದೆ. ಲ್ವೋವ್ ಹೇಳಿದ್ದು ನಿಜವೇ ಎಂದು ಈತ ಕೇಳುತ್ತಾನೆ, ನಿಜ ಎಂದು ಆತ ಹೇಳುತ್ತಾನೆ. ಲ್ವೋವ್ ಏನು ಹೇಳಿದ ಎಂದು ಈತನೂ ತಿಳಿಸುವುದಿಲ್ಲ, ಆತನೂ ಕೇಳುವುದಿಲ್ಲ. ಕೊರ್ನಿಲೋವ್‌ಗೆ ಪ್ರಧಾನಿ ತನ್ನ ಜೊತೆಗಿದ್ದಾನೆ ಎನಿಸಿತು. ಕೆರೆನ್ಸ್ಕಿಗೆ ದಂಗೆಯ ಪುರಾವೆ ಸಿಕ್ಕಿತು ಎನಿಸಿತು. ಮಾರನೆಯ ದಿನ ಕೊರ್ನಿಲೋವ್‌ನನ್ನು ವಜಾ ಮಾಡಿದ, ಆತ ಒಪ್ಪಲಿಲ್ಲ, ಸೈನ್ಯ ರಾಜಧಾನಿಯತ್ತ ಹೊರಟಿತು. ಅದನ್ನು ತಡೆದದ್ದು ಸರ್ಕಾರದ ಆದೇಶವಲ್ಲ. ರೈಲ್ವೆ ಕಾರ್ಮಿಕರು ಗಾಡಿಗಳನ್ನು ತಡೆದರು, ಸೋವಿಯತ್ತಿನವರು ಸೈನಿಕರ ಮನವೊಲಿಸಿದರು, ಕಾರ್ಮಿಕರಿಗೆ ಬಂದೂಕು ಸಿಕ್ಕಿತು. ಆಗಸ್ಟ್ 31ರಂದು ಪೆಟ್ರೋಗ್ರಾಡ್ ಸೋವಿಯತ್ ಮೊದಲ ಬಾರಿ ಬೋಲ್ಶೆವಿಕರ ನಿರ್ಣಯಕ್ಕೆ ಬಹುಮತ ಕೊಟ್ಟಿತು. ಸೆಪ್ಟೆಂಬರ್ 5ರಂದು ಮಾಸ್ಕೋ ಅದನ್ನೇ ಮಾಡಿತು. ಕೆರೆನ್ಸ್ಕಿ ತಾನೇ ಮಹಾದಂಡನಾಯಕನಾದ. ಅಧಿಕಾರಿಗಳಿಗೆ ಆತ ಕೊರ್ನಿಲೋವ್‌ಗೆ ಬೆನ್ನಲ್ಲಿ ಇರಿದವನು, ಸೈನಿಕರಿಗೆ ಕೊರ್ನಿಲೋವ್‌ನೊಡನೆ ಸಂಚು ಮಾಡಿದವನು.

ಕೊನೆಯ ವಾರ

ಅಕ್ಟೋಬರ್ ಆರಂಭದಲ್ಲಿ ಜರ್ಮನರು ಬಾಲ್ಟಿಕ್ ದ್ವೀಪಗಳನ್ನು ಹಿಡಿದರು. ರಾಜಧಾನಿಯ ದಂಡಿನ ಭಾಗವನ್ನು ರಣರಂಗಕ್ಕೆ ಕಳುಹಿಸಬೇಕೆಂದು ಸೇನಾ ಕಚೇರಿ ಬಯಸಿತು. ಮಾರ್ಚ್ 3ರ ವಾಗ್ದಾನವನ್ನು ದಂಡು ಮರೆತಿರಲಿಲ್ಲ. ಅದನ್ನೇ ನೆಪವಾಗಿಸಿಕೊಂಡು ಸೋವಿಯತ್ ಸೈನಿಕ ಕ್ರಾಂತಿ ಸಮಿತಿಯನ್ನು ಹುಟ್ಟುಹಾಕಿತು. ತನ್ನ ಸಹಿಯಿಲ್ಲದ ಯಾವ ಆದೇಶವೂ ದಂಡಿಗೆ ಅನ್ವಯಿಸದೆಂದು ಆ ಸಮಿತಿ ಅಕ್ಟೋಬರ್ 22ರಂದು ಸಾರಿತು. ಏಪ್ರಿಲ್ 21ರಂದು ಮೆನ್ಶೆವಿಕರು ನಡೆಸುತ್ತಿದ್ದ ಸೋವಿಯತ್ ಮಾಡಿದ ನಿಯಮವೇ ಅದು. ಸಹಿ ಹಾಕುವ ಕೈಗಳು ಮಾತ್ರ ಬದಲಾಗಿದ್ದವು.

ಅದಕ್ಕೆ ಎರಡು ದಿನ ಮೊದಲು, ಅಕ್ಟೋಬರ್ 20ರಂದು ಯುದ್ಧ ಸಚಿವ ವೆರ್ಖೊವ್ಸ್ಕಿ ಸರ್ಕಾರಕ್ಕೆ ಸಲಹೆ ಕೊಡಲು ರಚನೆಯಾಗಿದ್ದ ಹಂಗಾಮಿ ಸಭೆಯ ಸಮಿತಿಗಳ ಮುಂದೆ ಮುಚ್ಚಿದ ಬಾಗಿಲಲ್ಲಿ ಲೆಕ್ಕ ಒಪ್ಪಿಸಿದ. ಸೈನ್ಯದಲ್ಲಿರುವವರು ಒಂದು ಕೋಟಿಗೂ ಹೆಚ್ಚು, ಖಜಾನೆ ಸಾಕಬಲ್ಲದ್ದು 70 ಲಕ್ಷ ಜನರನ್ನು. ಹೋರಾಡಲು ಸಾಧ್ಯವಿಲ್ಲ, ತಕ್ಷಣ ಶಾಂತಿಯ ಮಾತು ಎತ್ತಬೇಕು, ಆಗಲೇ ಬೋಲ್ಶೆವಿಕರ ಕಾಲಡಿಯ ನೆಲ ಕುಸಿಯುತ್ತದೆ ಎಂದ. ಆತನನ್ನು ರಜೆಯ ಮೇಲೆ ಕಳುಹಿಸಿದರು. ಅಕ್ಟೋಬರ್ 24ರ ರಾತ್ರಿ ಅದೇ ಸಭೆ ಬಹುಮತದಿಂದ ಜಮೀನು ಮತ್ತು ಶಾಂತಿಯ ಬಗ್ಗೆ ಕೂಡಲೇ ಹೆಜ್ಜೆಯಿಡುವಂತೆ ಕೇಳಿತು. ನಿರ್ಣಯ ಹಿಡಿದು ಬಂದವರನ್ನು ಕೆರೆನ್ಸ್ಕಿ, ಸರ್ಕಾರಕ್ಕೆ ಬೋಧನೆ ಬೇಡವೆಂಬ ಧಾಟಿಯಲ್ಲಿ ಹಿಂದಕ್ಕೆ ಕಳುಹಿಸಿದ. ಅಕ್ಟೋಬರ್ 26ರ ರಾತ್ರಿ ಸೋವಿಯತ್ತುಗಳ ಅಧಿವೇಶನದಲ್ಲಿ ಲೆನಿನ್ ಓದಿದ್ದು ಎರಡೇ ಶಾಸನ: ಶಾಂತಿ, ಜಮೀನು. ಜಮೀನಿನ ಶಾಸನಕ್ಕೆ ಆಧಾರವಾದ 242 ಸ್ಥಳೀಯ ಬೇಡಿಕೆಪಟ್ಟಿಗಳಿಂದ ಕೂಡಿಸಿದ ರೈತರ ಕೋರಿಕೆ ಬೋಲ್ಶೆವಿಕರದಾಗಿರಲಿಲ್ಲ. ಚೆರ್ನೊವ್‌ನ ಸಮಾಜವಾದಿ ಕ್ರಾಂತಿಕಾರಿ ಪಕ್ಷ ಬೇಸಿಗೆಯಲ್ಲೇ ಒಟ್ಟುಗೂಡಿಸಿ ಇಟ್ಟುಕೊಂಡದ್ದು.

1931ರಲ್ಲಿ ಊಟದ ಮೇಜಿನಲ್ಲಿ ಬ್ರಿಟನ್ನಿನ ಪತ್ರಿಕಾ ಒಡೆಯ ಲಾರ್ಡ್ ಬೀವರ್‌ಬ್ರೂಕ್ ಕೆರೆನ್ಸ್ಕಿಯನ್ನು ಕೇಳಿದ್ದನ್ನು ಅಲ್ಲಿದ್ದ ಮಾಜಿ ರಾಜತಂತ್ರಜ್ಞ ಬ್ರೂಸ್ ಲಾಕ್‌ಹಾರ್ಟ್ ಬರೆದಿಟ್ಟಿದ್ದಾನೆ. ಜರ್ಮನಿಯೊಡನೆ ಪ್ರತ್ಯೇಕ ಶಾಂತಿ ಮಾಡಿಕೊಂಡಿದ್ದರೆ ನೀವು ಉಳಿಯುತ್ತಿದ್ದಿರಾ? ಖಂಡಿತ, ಈಗಲೂ ಮಾಸ್ಕೋದಲ್ಲಿರುತ್ತಿದ್ದೆವು ಎಂದ ಕೆರೆನ್ಸ್ಕಿ. ಮತ್ತೆ ಏಕೆ ಮಾಡಲಿಲ್ಲ? ನಾವು ತೀರ ಮುಗ್ಧರಾಗಿದ್ದೆವು ಎಂದು ಉತ್ತರ ಬಂತು.

ಆತ ತಾನೇ ಸಂಪಾದಿಸಿದ ದಾಖಲೆಗಳು ಈ ಉತ್ತರವನ್ನು ಒಪ್ಪುವುದಿಲ್ಲ. ಗುಚ್ಕೋವ್ ಮಾರ್ಚಿನಲ್ಲೇ ಹೇಳಿದ್ದ, ಕಮಿಸಾರರು ಜುಲೈಯಲ್ಲಿ ಹೇಳಿದರು, ವೆರ್ಖೊವ್ಸ್ಕಿ ಅಕ್ಟೋಬರಿನಲ್ಲಿ ಅಂಕಿ ಸಮೇತ ಹೇಳಿದ. ಎಲ್ಲ ತಿಳಿದೇ ಯುದ್ಧವನ್ನು ಆರಿಸಿಕೊಂಡದ್ದು. ಆ ಆಯ್ಕೆಗೆ ಕಾರಣಗಳಿರಲಿಲ್ಲ ಎಂದಲ್ಲ. ಮಿತ್ರರಾಷ್ಟ್ರಗಳ ಸಾಲವಿತ್ತು, ಅಧಿಕಾರಿಗಳ ದಂಗೆಯ ಭಯವಿತ್ತು. ಪ್ರತ್ಯೇಕ ಶಾಂತಿಯ ಬೆಲೆ ಎಷ್ಟೆಂಬುದನ್ನು ಮುಂದಿನ ವರ್ಷ ಬ್ರೆಸ್ಟ್-ಲಿತೊವ್ಸ್ಕಿನಲ್ಲಿ ಉಕ್ರೇನನ್ನೂ ಬಾಲ್ಟಿಕ್ ನಾಡುಗಳನ್ನೂ ಬಿಟ್ಟುಕೊಟ್ಟ ಲೆನಿನ್ ಕೂಡ ಕಂಡ. ಆದರೆ ಜಮೀನು ಹಂಚಲು ನಮಗೆ ಜನಾದೇಶವಿಲ್ಲ, ನಾವು ಹಂಗಾಮಿಗಳು ಎಂದ ಸರ್ಕಾರ, ಜೂನ್ 18ರ ದಾಳಿಗೆ ಜನಾದೇಶ ಇದೆಯೇ ಎಂದು ತನ್ನನ್ನು ತಾನು ಕೇಳಿಕೊಂಡ ಕುರುಹು ಕಾಣುವುದಿಲ್ಲ. ಜನ ಕಾಯಲಾರದ್ದನ್ನೆಲ್ಲ ಮುಂದೂಡಿ, ಜನ ನಿಲ್ಲಿಸೆಂದದ್ದನ್ನು ಮಾತ್ರ ಅದು ಮುಂದುವರಿಸಿತು. ಯುದ್ಧದ ನೆಪದಲ್ಲಿ ಚುನಾವಣೆ ತಡವಾಯಿತು. ಚುನಾವಣೆ ಆಗದ್ದರಿಂದ ಯುದ್ಧದ ಬಗ್ಗೆ ನಿರ್ಧರಿಸುವ ಅಧಿಕಾರ ಯಾರಿಗೂ ಬರಲಿಲ್ಲ.

ಸರ್ಕಾರ ಬಿದ್ದ ಮೇಲೂ ಅದು ಗೊತ್ತುಮಾಡಿದ್ದ ದಿನದಂದೇ ಮತದಾನ ಶುರುವಾಯಿತು. ನಾಲ್ಕು ಕೋಟಿಗೂ ಹೆಚ್ಚು ಜನ ಮತ ಹಾಕಿದರು. ಸಮಾಜವಾದಿ ಕ್ರಾಂತಿಕಾರಿಗಳಿಗೆ ಸುಮಾರು ಶೇ 40, ಅಧಿಕಾರ ಹಿಡಿದಿದ್ದ ಬೋಲ್ಶೆವಿಕರಿಗೆ ಸುಮಾರು ಶೇ 24. ಹಳೆಯ ಲೆಕ್ಕದಲ್ಲೇ 1918ರ ಜನವರಿ 5ರಂದು ಸೇರಿದ ಸಂವಿಧಾನ ಸಭೆಯನ್ನು ಬೋಲ್ಶೆವಿಕರು ಮಾರನೆಯ ದಿನವೇ ಮುಚ್ಚಿಸಿದರು. ಆ ಸಭೆ 1917ರ ಬೇಸಿಗೆಯಲ್ಲಿ ಕೂತಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಯಾವ ಕಡತದಲ್ಲೂ ಉತ್ತರ ಸಿಗದು. ಕೂರದಂತೆ ಮಾಡಿದ ಮುಂದೂಡಿಕೆಯ ಆದೇಶಗಳು ಮಾತ್ರ ಸಿಗುತ್ತವೆ. ಆ ಸರ್ಕಾರದ ಕಾಗದಗಳಲ್ಲಿ ಚಾಚೂ ತಪ್ಪದೆ ಜಾರಿಯಾದವು ಅವೇ. ಅವುಗಳ ಮೇಲೆ ಸಹಿ ಲೆನಿನ್‌ನದಲ್ಲ.